ಆ ಎರಡು ಸಾಲನ್ನು ಯಾಕೆ ತೆಗೆದೆವು

ಹೋದ ಸಂಚಿಕೆಯಲ್ಲಿ, ಎಲ್ಲರೂ ಒಪ್ಪುವಂತೆ ಇನ್ನೂ ಓದಲಾಗದ ಸಿಂಧೂ ಲಿಪಿ ಕುರಿತ ಲೇಖನವೊಂದಕ್ಕೆ ಬಂದ ಪ್ರತಿಕ್ರಿಯೆ ಅಚ್ಚಾಗಿತ್ತು. ಅದರಲ್ಲಿ ಎರಡು ಸಾಲು ಕೈಬಿಟ್ಟಿದ್ದೇವೆ ಎಂದು ಕೆಳಗೇ ತಿಳಿಸಿದ್ದೆವು. ಮೂಲ ಲೇಖಕರು ಯಾವ ಪಕ್ಷದವರು, ಯಾರ ದುಡ್ಡಿಗೆ ಬರೆಯುತ್ತಾರೆ ಎನ್ನುವ ಸಾಲುಗಳವು. ಧಾರವಾಡದ ಓದುಗರೊಬ್ಬರಿಗೆ ಇದು ಸರಿಕಂಡಿಲ್ಲ. ‘ಮರ್ಯಾದೆಯ ಹೆಸರಲ್ಲಿ ಸುಳ್ಳನ್ನು ಕಾಪಾಡುತ್ತಿದ್ದೀರಿ. ವಿದ್ವಾಂಸರು ಜಗಳ ಆಡದೆ ಸತ್ಯ ಹೊರಬರುತ್ತಾ?’ ಎಂದು ಕೇಳಿದ್ದಾರೆ.

ಪ್ರೀತಿಯ ಓದುಗರೇ,

ಜಗಳ ಆಡಲಿ, ಜೋರಾಗಿಯೇ ಆಡಲಿ. ಪ್ರತಿಕ್ರಿಯೆಯಲ್ಲಿ ‘ಈ ವಾದ ಪೂರ್ತಿ ತಪ್ಪು’ ಎಂಬ ಮಾತಿತ್ತು. ಅದನ್ನು ಮುಟ್ಟಲಿಲ್ಲ, ಯಾಕೆಂದರೆ ಅದರ ಹಿಂದೆಯೇ ಕಾರಣಗಳಿದ್ದವು. ತೆಗೆದ ಎರಡು ಸಾಲಿಗೆ ಒಂದು ಆಧಾರವೂ ಇರಲಿಲ್ಲ.

ಗ್ರೀಸಿನ ‘ಲೀನಿಯರ್ ಬಿ’ ಎಂಬ ಪ್ರಾಚೀನ ಲಿಪಿಗೆ ಏನಾಯಿತು ನೋಡಿ. ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಕ್ರೀಟ್ ದ್ವೀಪದ ಕ್ನೋಸಾಸ್‌ನಲ್ಲಿ ಉತ್ಖನನ ಶುರು ಮಾಡಿದರು. ಬರಹವಿದ್ದ ಮಣ್ಣಿನ ಹಲಗೆಗಳು ರಾಶಿ ರಾಶಿ ಸಿಕ್ಕವು. 1941ರಲ್ಲಿ ಅವರು ತೀರಿಕೊಂಡಾಗಲೂ ಬಹುಪಾಲು ಹಲಗೆಗಳು ಪ್ರಕಟವಾಗಿರಲಿಲ್ಲ. ಆ ಸಂಗ್ರಹ ಪುಸ್ತಕವಾಗಿ ಬಂದಿದ್ದು 1952ರಲ್ಲಿ. ಒಂದು ತಲೆಮಾರಿನ ವಿದ್ವಾಂಸರು ಚೂರುಪಾರು ಇಟ್ಟುಕೊಂಡು ತಲೆ ಕೆಡಿಸಿಕೊಂಡರು. ನನ್ನ ಮಟ್ಟಿಗೆ ಇದು ಬೈಗುಳಕ್ಕಿಂತ ದೊಡ್ಡ ಅನ್ಯಾಯ.

ಕೊನೆಗೆ ಈ ಲಿಪಿಯನ್ನು ಬಿಡಿಸಿ ಓದಿದ ಮೈಕೇಲ್ ವೆಂಟ್ರಿಸ್ ದಾರಿ ಬೇರೆ. ಅವರು ಆರ್ಕಿಟೆಕ್ಟ್, ಯಾವ ವಿಶ್ವವಿದ್ಯಾಲಯದ ಪ್ರೊಫೆಸರೂ ಅಲ್ಲ. 1950ರಲ್ಲಿ ಹಲವು ದೇಶಗಳ ವಿದ್ವಾಂಸರಿಗೆ ಈ ಲಿಪಿಯ ಬಗ್ಗೆ ಪ್ರಶ್ನೆಗಳ ಪಟ್ಟಿ ಕಳಿಸಿದರು. ಬಂದ ಉತ್ತರಗಳನ್ನು ತಮ್ಮ ಖರ್ಚಿನಲ್ಲೇ ಎಲ್ಲರಿಗೂ ಹಂಚಿದರು. ನ್ಯೂಯಾರ್ಕಿನ ವಿದ್ವಾಂಸೆ ಆಲಿಸ್ ಕೋಬರ್ ಉತ್ತರಿಸಲು ಒಪ್ಪಲಿಲ್ಲ. ಈ ದಾರಿಯೇ ಸರಿಯಿಲ್ಲ, ಸುಮ್ನೆ ಕಾಲಹರಣ ಎಂದು ಮುಖಕ್ಕೆ ಹೊಡೆದಂತೆ ಬರೆದರು. ಯುದ್ಧಕಾಲದಲ್ಲಿ ಕಾಗದ ಸಿಗದೆ ಹಳೇ ಗ್ರೀಟಿಂಗ್ ಕಾರ್ಡು, ಚರ್ಚಿನ ಕರಪತ್ರಗಳನ್ನೂ ಕತ್ತರಿಸಿ, ಸುಮಾರು 1,80,000 ಚೀಟಿಗಳಲ್ಲಿ ಆ ಲಿಪಿಯನ್ನು ಲೆಕ್ಕ ಹಾಕಿದ್ದವರು ಆಕೆ. ಅವರ ಮಾತು ಒರಟೇ. ಆದರೆ ಅದು ಕೆಲಸದ ಬಗ್ಗೆ ಆಡಿದ್ದು, ಮನುಷ್ಯನ ಬಗ್ಗೆ ಅಲ್ಲ. ಆ ಪತ್ರ ನಮಗೆ ಬಂದಿದ್ದರೆ ಒಂದಕ್ಷರ ಬಿಡದೆ ಅಚ್ಚು ಹಾಕುತ್ತಿದ್ದೆ. ವೆಂಟ್ರಿಸ್ ಕೊನೆಗೆ ಮುಂದುವರಿಸಿದ್ದೂ ಕೋಬರ್ ಹಾಕಿಕೊಟ್ಟ ವಿಧಾನವನ್ನೇ.

ಆಮೇಲೆ ಆಗಿದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಈ ಲಿಪಿಯ ಭಾಷೆ ಗ್ರೀಕ್ ಇರಬಹುದೇ ಎಂದು 1952ರ ಜೂನ್‌ನಲ್ಲಿ ವೆಂಟ್ರಿಸ್ ತಮ್ಮ ಟಿಪ್ಪಣಿಯಲ್ಲಿ ಕೇಳಿ, ಅದನ್ನು ಅಂಚೆಯಲ್ಲಿ ಹಂಚಿದರು. ಅಲ್ಲಿಯವರೆಗೆ ಅವರು ನಂಬಿದ್ದು ಇಟಲಿಯ ಪ್ರಾಚೀನ ಭಾಷೆ ಎಟ್ರಸ್ಕನ್ ಜೊತೆಗಿನ ಸಂಬಂಧವನ್ನು. 1953ರಲ್ಲಿ ಪುರಾತತ್ವಜ್ಞ ಕಾರ್ಲ್ ಬ್ಲೇಗನ್ ಅವರು ಗ್ರೀಸಿನ ಪೈಲೋಸ್‌ನಲ್ಲಿ ಸಿಕ್ಕ ಹಲಗೆಯೊಂದನ್ನು, ವೆಂಟ್ರಿಸ್ ಪ್ರತಿ ಚಿಹ್ನೆಗೂ ಕೊಟ್ಟಿದ್ದ ಉಚ್ಚಾರಣೆ ಹಿಡಿದು ಓದಿ ನೋಡಿದರು. ಮೂರು ಕಾಲಿನ ಪಾತ್ರೆಯ ಚಿತ್ರದ ಪಕ್ಕ ‘ತಿ-ರಿ-ಪೊ’ ಎಂದಿತ್ತು, ಗ್ರೀಕಿನಲ್ಲಿ ಮುಕ್ಕಾಲಿ ಎಂದರ್ಥ. ನಾಲ್ಕು ಹಿಡಿ, ಮೂರು ಹಿಡಿ, ಹಿಡಿಯಿಲ್ಲದ ಪಾತ್ರೆಗಳಿಗೂ ಚಿತ್ರಕ್ಕೆ ತಕ್ಕ ಮಾತೇ ಇತ್ತು. ವೆಂಟ್ರಿಸ್ ಈ ಹಲಗೆಯನ್ನು ಮೊದಲೇ ಕದ್ದು ನೋಡಿದ್ದರು ಎಂಬ ಗುಸುಗುಸು ಎದ್ದಿತು. ಆದರೆ ಆ ಆರೋಪಕ್ಕೆ ಬಲ ಸಿಗಲಿಲ್ಲ. ಅಕ್ಷರಗಳ ಪಟ್ಟಿ ವರ್ಷದ ಹಿಂದೆಯೇ, ತಾರೀಖಿನ ಸಮೇತ ಹತ್ತಾರು ಜನರ ಕೈಲಿತ್ತಲ್ಲ!

ಸಿಂಧೂ ಲಿಪಿಗೇ ಬರೋಣ. 2000ದಲ್ಲಿ ಸಿಂಧೂ ನಾಗರಿಕತೆಯ ಒಂದು ಮುದ್ರೆಯಲ್ಲಿ ಕುದುರೆಯಿದೆ ಎಂಬ ವಾದ ಎದ್ದಾಗ, ವಿದ್ವಾಂಸರಾದ ಮೈಕೇಲ್ ವಿಟ್ಜೆಲ್ ಮತ್ತು ಸ್ಟೀವ್ ಫಾರ್ಮರ್ ಆ ಮುರಿದ ಮುದ್ರೆಯನ್ನೂ ಅಂಥದೇ ಗೂಳಿ ಮುದ್ರೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಕುದುರೆ ಹೋಗಿ ಗೂಳಿ ಉಳಿಯಿತು. ಇದನ್ನು ಅಸಭ್ಯತೆ ಎನ್ನಲು ಬರುವುದಿಲ್ಲ. ಆಧಾರ ತಿರುಚಿದೆ ಎಂದು ಕಂಡರೆ ಹೇಳಲೇಬೇಕು, ಆಧಾರ ಮುಂದಿಟ್ಟು ಹೇಳಬೇಕು.

ನಾನು ಜಾಸ್ತಿ ಗೌರವಿಸುವುದು ಲಿಪಿತಜ್ಞ ಐರಾವತಂ ಮಹಾದೇವನ್ ಅವರನ್ನು. ಸಿಂಧೂ ಬರಹಗಳದ್ದು ದ್ರಾವಿಡ ಭಾಷೆ ಎಂಬುದು ಅವರ ನಿಲುವಾಗಿತ್ತು. ಆದರೆ 1977ರಲ್ಲಿ ಅವರು ತಂದ ಸಿಂಧೂ ಬರಹಗಳ ಪದಸೂಚಿಯನ್ನು, ಅಂದರೆ ಯಾವ ಚಿಹ್ನೆ ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿಯನ್ನು, ಯಾರು ಬೇಕಾದರೂ ಬಳಸಬಹುದಿತ್ತು. 2004ರಲ್ಲಿ ಇದು ಲಿಪಿಯೇ ಅಲ್ಲ ಎಂದವರು ಅದನ್ನು ಬಳಸಿದರು. 2009ರಲ್ಲಿ ಲೆಕ್ಕಾಚಾರ ಹಾಕಿ ಇದು ಭಾಷೆಯಂತೆಯೇ ಇದೆ ಎಂದವರೂ ಅದನ್ನೇ ಬಳಸಿದರು.

ನಿಮ್ಮ ಪತ್ರದ ಕೊನೆಯಲ್ಲಿ ಮೂರು ಮುದ್ರೆಗಳ ಬಗ್ಗೆ ಆಕ್ಷೇಪ ಎತ್ತಿದ್ದೀರಿ. ಅದು ಗಟ್ಟಿಯಾಗಿದೆ ಅನಿಸಿತು. ಮುದ್ರೆಗಳ ಸಂಖ್ಯೆ, ಸಿಕ್ಕ ಜಾಗ, ಫೋಟೋ ಸಮೇತ ಬರೆದು ಕಳಿಸಿ. ಮೂಲ ಲೇಖಕರಿಗೆ ಮೊದಲೇ ತೋರಿಸಿ, ಅವರ ಉತ್ತರವನ್ನೂ ಪಡೆದು, ಎರಡನ್ನೂ ಒಂದೇ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.