ಕ್ಯಾಂಪಸ್ ಮತ್ತು ಗೇರು ತೋಪು: ಓರಿಯಂಟಿಯರಿಂಗ್ ನಕ್ಷೆಗೆ ಯಾವ ಸ್ಕೇಲ್?

ಮಣಿಪಾಲದ ಹತ್ತಿರ 50 ಎಕರೆ ಕ್ಯಾಂಪಸ್, ಅದಕ್ಕೆ ತಾಗಿ 2 ಕಿ.ಮೀ. ಉದ್ದ, ಒಂದೂವರೆ ಕಿ.ಮೀ. ಅಗಲದ ಗೇರು ತೋಪು. ಓರಿಯಂಟಿಯರಿಂಗ್‌ಗೆ, ಅಂದರೆ ನಕ್ಷೆ ನೋಡಿ ದಾರಿ ಹುಡುಕುತ್ತ ಓಡುವ ಆಟಕ್ಕೆ, ಎರಡಕ್ಕೂ ಸೇರಿ 1:10,000ದ (ನೆಲದ 100 ಮೀಟರಿಗೆ ನಕ್ಷೆಯಲ್ಲಿ 1 ಸೆಂ.ಮೀ.) ಒಂದೇ ನಕ್ಷೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಕ್ಯಾಂಪಸ್‌ಗೆ 1:4,000, ತೋಪಿಗೆ 1:10,000, ಹೀಗೆ ಎರಡು ನಕ್ಷೆ ಮಾಡಿ.

50 ಎಕರೆ ಅಂದರೆ ಹೆಚ್ಚುಕಡಿಮೆ 450 ಮೀಟರ್ ಚೌಕ. 1:10,000ದಲ್ಲಿ ಅದು ನಾಲ್ಕೂವರೆ ಸೆಂ.ಮೀ., ಬೆಂಕಿಪೊಟ್ಟಣದಷ್ಟು. ಅದರ ಮೇಲೆ ಕಂಟ್ರೋಲ್ (ಓಡುವವರು ಮುಟ್ಟಬೇಕಾದ ಜಾಗ) ತೋರಿಸುವ ವೃತ್ತದ ವ್ಯಾಸವೇ 7.5 ಮಿ.ಮೀ.; ನೆಲದ ಮೇಲೆ 75 ಮೀಟರ್. ಲೈಬ್ರರಿ, ಕ್ಯಾಂಟೀನ್, ನಡುವಿನ ಮೆಟ್ಟಿಲು ಎಲ್ಲ ಒಂದೇ ವೃತ್ತದೊಳಗೆ ಬಂದುಬಿಡುತ್ತವೆ. ಎರಡು ಬ್ಲಾಕ್‌ಗಳ ನಡುವಿನ 2 ಮೀಟರ್ ಓಣಿ ಬರೀ 0.2 ಮಿ.ಮೀ.; ಓಡುವವರ ಕಣ್ಣಿಗೆ ಕಟ್ಟಡಗಳು ಅಂಟಿಕೊಂಡ ಹಾಗೇ ಕಾಣುವುದು. 1:4,000ದಲ್ಲಿ ಅದೇ ಓಣಿ ಅರ್ಧ ಮಿ.ಮೀ., ವೃತ್ತ 6 ಮಿ.ಮೀ., ಅಂದರೆ ನೆಲದ 24 ಮೀಟರ್. ಸ್ಪ್ರಿಂಟ್ ಕೋರ್ಸಿನ, ಅಂದರೆ ಕಟ್ಟಡಗಳ ನಡುವಿನ ಚಿಕ್ಕ ಓಟಕ್ಕೆ ಹಾಕಿದ ದಾರಿಯ, ಜೀವ ಇರುವುದೇ ಇಂಥ ಓಣಿ, ಗೇಟು, ಕಂಪೌಂಡ್ ಗೋಡೆಗಳಲ್ಲಿ. ಅವು ಓದಲಿಕ್ಕೆ ಸಿಗದಿದ್ದರೆ ಮಕ್ಕಳು ಊಹೆಯ ಮೇಲೆ ಓಡುತ್ತಾರೆ.

ತೋಪಿನ ಲೆಕ್ಕ ಬೇರೆ. 1:10,000ದಲ್ಲಿ ಅದು 20×15 ಸೆಂ.ಮೀ., ಎ4 ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. 1:4,000ದಲ್ಲಿ 50 ಸೆಂ.ಮೀ. ಉದ್ದವಾಗಿ ಎ3 ಹಾಳೆಯನ್ನೂ ಮೀರುತ್ತದೆ. ಓಡುವವರಲ್ಲಿ 45 ವರ್ಷ ದಾಟಿದವರು ಹೆಚ್ಚಿದ್ದರೆ ಓದಲಿಕ್ಕೆ 1:7,500 ಒಳ್ಳೆಯದು, ಆದರೆ ಆಗ 26.7×20 ಸೆಂ.ಮೀ. ಆಗಿ ಎ4 ಹಾಳೆಯ ಅಗಲದಲ್ಲಿ ಪ್ರಿಂಟರ್ ಬಿಡುವ ಅಂಚಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಕೋರ್ಸ್ ಹೋಗದ ಭಾಗವನ್ನು ಕತ್ತರಿಸಿ. 1:15,000 ದೊಡ್ಡ ಕಾಡಿನ ದೂರದ ಓಟಕ್ಕೆ. ನಿಮಗೆ ಬೇಡ.

ಹೆಚ್ಚಿನವರು ಎಡವುವುದು ಒಂದು ವಿಷಯದಲ್ಲಿ: ನಕ್ಷೆಯನ್ನು ಹಿಗ್ಗಿಸಿದರೆ ವಿವರ ಹೆಚ್ಚುವುದಿಲ್ಲ. ಕಾಡಿನ ನಕ್ಷೆಯ ಸರ್ವೆ ನಡೆಯುವುದು 1:15,000ಕ್ಕೆ ತಕ್ಕ ಹಾಗೆ. 1:10,000 ಎಂದರೆ ಅದನ್ನೇ ಚಿಹ್ನೆಗಳ ಸಮೇತ ಒಂದೂವರೆ ಪಟ್ಟು ಹಿಗ್ಗಿಸಿದ್ದು. ಕಾಂಟೂರ್ (ನೆಲದ ಎತ್ತರ ತೋರಿಸುವ) ಗೆರೆ 0.14 ಮಿ.ಮೀ.ನಿಂದ 0.21 ಆಗಬೇಕು. ನಕ್ಷೆ ಬರೆಯುವ ಸಾಫ್ಟ್‌ವೇರ್ ಓಪನ್‌ಓರಿಯಂಟಿಯರಿಂಗ್ ಮ್ಯಾಪರ್‌ನಲ್ಲಿ ಸ್ಕೇಲ್ ಬದಲಿಸುವಾಗ ಚಿಹ್ನೆಯ ಗಾತ್ರವನ್ನೂ ಬದಲಿಸುವ ಆಯ್ಕೆಗೆ ಟಿಕ್ ಹಾಕದಿದ್ದರೆ ಗೆರೆಗಳು ಸಪೂರವಾಗಿಯೇ ಉಳಿಯುತ್ತವೆ. ಹಾಗೆಯೇ ತೋಪಿನ ನಕ್ಷೆಯಿಂದ ಕ್ಯಾಂಪಸ್ ಭಾಗವನ್ನು ಹಿಗ್ಗಿಸಿ ಸ್ಪ್ರಿಂಟ್ ನಕ್ಷೆ ಮಾಡಲಿಕ್ಕೆ ಹೋಗಬೇಡಿ. ಚಿಹ್ನೆಗಳ ನಿಯಮವೇ ಬೇರೆ, ಸರ್ವೆಯನ್ನೂ ಹೊಸದಾಗಿ ಮಾಡಬೇಕು.

ನಮ್ಮ ಕಡೆ ಮುರಕಲ್ಲಿನ ಕೋರೆಗಳು ಇನ್ನೊಂದು ತಲೆನೋವು. 3 ಮೀಟರಿಗೊಂದರಂತೆ ಕಡಿದ ಮೆಟ್ಟಿಲುಗಳು 1:10,000ದಲ್ಲಿ 0.3 ಮಿ.ಮೀ. ಅಂತರಕ್ಕೆ ಬಂದು ಕಪ್ಪು ಮುದ್ದೆಯಾಗುತ್ತವೆ. ಎಲ್ಲವನ್ನೂ ಬರೆಯಬೇಡಿ, ಹೊರಗಿನ ಅಂಚನ್ನು ದಾಟಲಾಗದ ಬಂಡೆಯಂಚಾಗಿ ತೋರಿಸಿ, ಒಳಭಾಗವನ್ನು ನಿಷೇಧಿತ ಜಾಗವೆಂದು ಗುರುತು ಹಾಕಿ. ಮಳೆಗಾಲ ಕಳೆದ ಮೇಲೂ ಅಲ್ಲಿ ಆಳದ ನೀರು ನಿಂತಿರುತ್ತದೆ, ಇದರಲ್ಲಿ ರಾಜಿ ಬೇಡ.

ಪರ್ಪಲ್ ಪೆನ್ ಎಂಬ ಸಾಫ್ಟ್‌ವೇರ್‌ನಲ್ಲಿ ಕೋರ್ಸ್ ಹಾಕುವಾಗ ನಕ್ಷೆಯ ಸ್ಕೇಲ್ ಮತ್ತು ಪ್ರಿಂಟ್ ಸ್ಕೇಲ್ ಎರಡನ್ನೂ ನೋಡಿಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ತೆಗೆಸಿ, 100% ಎಂದೇ ಹೇಳಿ. 96%ಕ್ಕೆ ಕುಗ್ಗಿದರೂ 1:4,000 ಎಂಬುದು ಸುಮಾರು 1:4,167 ಆಗಿ, ಹೆಜ್ಜೆ ಎಣಿಸುವವರ ಲೆಕ್ಕ ತಪ್ಪುತ್ತದೆ. ಬೆವರಿಗೆ ಇಂಕ್‌ಜೆಟ್ ಬಣ್ಣ ಹರಡುವುದರಿಂದ ಲೇಸರ್ ಪ್ರಿಂಟೇ ಆಗಲಿ. ಮೊದಲು ಒಂದೊಂದು ಪ್ರತಿ ತೆಗೆದು ಸ್ಕೇಲುಪಟ್ಟಿ ಇಟ್ಟು ಅಳೆಯಿರಿ: ಕ್ಯಾಂಪಸ್ ನಕ್ಷೆಯ ಅಳತೆಪಟ್ಟಿಯಲ್ಲಿ 100 ಮೀಟರ್ ಸರಿಯಾಗಿ 25 ಮಿ.ಮೀ. ಇರಬೇಕು, ತೋಪಿನ ನಕ್ಷೆಯಲ್ಲಿ 300 ಮೀಟರಿಗೊಂದು ಎಳೆದ ಉತ್ತರದ ಗೆರೆಗಳ ನಡುವೆ 30 ಮಿ.ಮೀ. ಇರಬೇಕು. ಅಳತೆ ಕೂಡಿದ ಮೇಲೆ ಉಳಿದ ಪ್ರತಿಗಳಿಗೆ ಹೇಳಿ.