ಒಬ್ಬರು ಕೇಳಿದ್ದಾರೆ: ಫೈಬರ್ ಲೈನಿನಲ್ಲಿ ಬೆಳಕು ಎಷ್ಟಿದೆ ಅಂತ ನೋಡಲು ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟ್ ಕೊಡುವ ಬಿಡಿಭಾಗ) ಕರೆಂಟ್ ಅಳೆಯಬೇಕು. ಯಾವ ಆಪ್‌ಆಂಪ್ (ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಚಿಪ್) ಹಾಕಲಿ? ಎಲ್ಲ ಕಡೆ ಸಿಗುವ ಎಲ್‌ಎಂ358 ಸಾಕಾ?

ಸಾಕಾಗಲ್ಲ. ಅದರ ಇನ್‌ಪುಟ್ಟೇ ಹತ್ತಾರು ನ್ಯಾನೋಆಂಪ್ ತಿನ್ನುತ್ತದೆ, ನೀವು ಅಳೆಯಲು ಹೊರಟಿರುವುದೂ ಹೆಚ್ಚುಕಮ್ಮಿ ಅಷ್ಟನ್ನೇ. ಆದರೆ ಆಪ್‌ಆಂಪ್ ಯಾವುದು ಅಂತ ಕೇಳುವುದೇ ಆಮೇಲಿನ ಮಾತು. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಒಂದು ಮಳೆಗಾಲ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ.

ಹಾಸನದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂಡಿಗೆರೆ ಕಡೆ ಕೇಬಲ್ ನಡೆಸುವ ಹುಡುಗನೊಬ್ಬ ಬಂದ. ಕಾಫಿ ತೋಟಗಳ ನಡುವೆ ಹೋಗುವ ಲೈನ್ ತುಂಡಾದರೆ ತಕ್ಷಣ ಮೆಸೇಜ್ ಬರಬೇಕು, ಒಂದು ಡಬ್ಬಿ ಮಾಡಿಕೊಡಿ ಅಂದ. ಲೈನಿನ ಆ ತುದಿಯಲ್ಲಿ ನೂರರಲ್ಲಿ ಒಂದು ಪಾಲು ಬೆಳಕನ್ನು ಕದಿಯುವ ಟ್ಯಾಪ್ ಹಾಕಿದೆ. ಲೈನಿನಲ್ಲಿ ಮೈನಸ್ 15 ಡಿಬಿಎಂ (ಬೆಳಕಿನ ಪವರ್‌ನ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ) ಇದ್ದರೆ ಟ್ಯಾಪ್‌ನಲ್ಲಿ ಮೈನಸ್ 35. ಡಯೋಡ್ ವ್ಯಾಟ್‌ಗೆ 0.9 ಆಂಪ್ ಕೊಡುತ್ತದೆ ಅಂದುಕೊಂಡರೆ ಸಿಗುವ ಕರೆಂಟ್ 285 ನ್ಯಾನೋಆಂಪ್. ಇನ್‌ಪುಟ್ ಬರೀ ಪಿಕೋಆಂಪ್ (ನ್ಯಾನೋಆಂಪಿನ ಸಾವಿರದಲ್ಲಿ ಒಂದು ಪಾಲು) ಮಟ್ಟದಲ್ಲಿ ತಿನ್ನುವ ದುಬಾರಿ ಆಪ್‌ಆಂಪ್ ತರಿಸಿ, ಕರೆಂಟನ್ನು ವೋಲ್ಟೇಜ್ ಮಾಡಲು 1 ಮೆಗಾಓಮ್ ಫೀಡ್‌ಬ್ಯಾಕ್ ರೆಸಿಸ್ಟರ್ ಹಾಕಿದೆ. ಮೇಜಿನ ಮೇಲೆ ಮುತ್ತಿನ ಹಾಗೆ ಕೆಲಸ ಮಾಡಿತು. ಜಂಬ ಬೇರೆ.

ಆಷಾಢದಲ್ಲಿ ಒಂದು ರಾತ್ರಿ ಫೋನ್. "ಅಣ್ಣಾ, ಸಿಲ್ವರ್ ಓಕ್ ಕೊಂಬೆ ಬಿದ್ದು ಲೈನ್ ಕಟ್ ಆಗಿದೆ. ನಿಮ್ಮ ಡಬ್ಬಿ ನೋಡಿದ್ರೆ ಮೈನಸ್ 18 ತೋರಿಸ್ತಿದೆ!" ಬರದೇ ಇರುವ ಬೆಳಕನ್ನು ಅಳೆಯುತ್ತಿತ್ತು. ಬೋರ್ಡ್ ಬಿಚ್ಚಿ ಹಾಸನಕ್ಕೆ ತಂದೆ. ಇಲ್ಲಿ ಸರಿಯಾಗಿ ಸೊನ್ನೆ! ಡಯೋಡ್ ಬದಲಾಯಿಸಿದೆ, ಆಪ್‌ಆಂಪ್ ಬದಲಾಯಿಸಿದೆ, ಪ್ರೋಗ್ರಾಂ ತಿದ್ದಿದೆ. ಮತ್ತೆ ಅಲ್ಲಿ ಕೂರಿಸಿದರೆ ಮತ್ತೆ ಅದೇ ಕಥೆ.

ಮೂರು ವಾರ ಆದ ಮೇಲೆ ಭೂತಗನ್ನಡಿ ಹಿಡಿದು ಬೋರ್ಡ್ ಮೇಲೆ ಬಗ್ಗಿದ್ದೆ. ನನ್ನ ಉಸಿರು ತಾಗಿತು. ಪಕ್ಕದಲ್ಲಿದ್ದ ಮೀಟರ್ ಸೊನ್ನೆಯಿಂದ 60 ಮಿಲಿವೋಲ್ಟ್‌ಗೆ ಹಾರಿ, ನಿಧಾನವಾಗಿ ಇಳಿಯಿತು. ಬೇಕಂತಲೇ "ಹಾ" ಅಂತ ಊದಿದೆ. ಮತ್ತೆ ಹಾರಿತು. ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ, ಸೊನ್ನೆ.

ತಪ್ಪು ಇಷ್ಟೇ: ಸೋಲ್ಡರ್ ಮಾಡುವಾಗ ಮೊಬೈಲ್ ಅಂಗಡಿಯ ಹಳದಿ ಪೇಸ್ಟ್ ಬಳಸಿ, ಹತ್ತಿಯಲ್ಲಿ ಸುಮ್ನೆ ಒರೆಸಿದ್ದೆ. ಹೊಳಪು ಉಳಿದಿತ್ತು. ಹೊಳೆದರೆ ಕ್ಲೀನ್ ಅಂತ ನನ್ನ ಲೆಕ್ಕ! ಆ ಅಂಟು ಮಲೆನಾಡಿನ ತೇವ ಕುಡಿದರೆ 40 ಮೆಗಾಓಮ್ ರೆಸಿಸ್ಟರ್ ಆಗಿಬಿಡುತ್ತದೆ. ಡಯೋಡಿನ 5 ವೋಲ್ಟ್ ಕಾಲೂ ಆಪ್‌ಆಂಪಿನ ಇನ್‌ಪುಟ್ಟೂ ಅಕ್ಕಪಕ್ಕ. 5 ವೋಲ್ಟನ್ನು 40 ಮೆಗಾಓಮ್‌ನಿಂದ ಭಾಗಿಸಿ, 125 ನ್ಯಾನೋಆಂಪ್. ಲೈನಿನ ಲೆಕ್ಕಕ್ಕೆ ತಂದರೆ ಮೈನಸ್ 18.6 ಡಿಬಿಎಂ. ನನ್ನ ಅಲಾರಂ ಬೆಳಕು ಮೈನಸ್ 25ಕ್ಕಿಂತ ಕೆಳಗಿಳಿದರೆ ಕೂಗುವ ಹಾಗೆ ಇತ್ತು, ಎಲ್ಲಿಂದ ಕೂಗುತ್ತದೆ? ಪಿಕೋಆಂಪಿಗೆ ದುಡ್ಡು ಸುರಿದವನು ಅದರ ಲಕ್ಷಪಟ್ಟು ಸೋರಿಕೆಯನ್ನು ಕೈಯಾರೆ ಬಳಿದಿದ್ದೆ.

ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಟೂತ್‌ಬ್ರಷ್‌ನಲ್ಲಿ ಎರಡು ಸಲ ಉಜ್ಜಿದೆ, ಒಣಗಿಸಿದೆ, ಮೇಲೆ ಕೋಟಿಂಗ್ ಹೊಡೆದೆ. ಒಣಗಿಸದೆ ಹೊಡೆಯಬೇಡಿ, ತೇವ ಒಳಗೇ ಸೀಲ್ ಆಗುತ್ತದೆ. ಹೊಸ ಬೋರ್ಡ್‌ನಲ್ಲಿ ಇನ್‌ಪುಟ್ ಸುತ್ತ ಗಾರ್ಡ್ ರಿಂಗ್ ಬರೆದೆ. ಇನ್‌ಪುಟ್ ಎಷ್ಟು ವೋಲ್ಟೇಜ್‌ನಲ್ಲಿದೆಯೋ ರಿಂಗೂ ಅಷ್ಟರಲ್ಲೇ ಇರಬೇಕು. ಅಡಿಕೆ ತೋಟದ ಬಸಿಗಾಲುವೆ ಇದ್ದ ಹಾಗೆ, ಸೋರಿದ್ದು ಬುಡಕ್ಕೆ ಬರದೆ ಅದರಲ್ಲೇ ಹರಿದುಹೋಗುತ್ತದೆ.

ಇನ್ನು ನಿಮ್ಮ ವಿಷಯ. ನಿಮ್ಮ ಎಸ್‌ಎಫ್‌ಪಿ ಮಾಡ್ಯೂಲ್‌ನಲ್ಲಿ (ಫೈಬರ್ ಚುಚ್ಚುವ ಸಣ್ಣ ಪ್ಲಗ್) ಡಿಡಿಎಂ, ಅಂದರೆ ಒಳಗೇ ಅಳೆದು ಹೇಳುವ ವ್ಯವಸ್ಥೆ, ಇದ್ದರೆ ಸರ್ಕ್ಯೂಟೇ ಬೇಡ, ಬರುವ ಪವರ್ ಎಷ್ಟು ಅಂತ ಅದೇ ಹೇಳುತ್ತದೆ. 3 ಡಿಬಿ ಆಚೀಚೆ ಇರಬಹುದು, ಲೈನ್ ಇದೆಯಾ ಇಲ್ಲವಾ ನೋಡಲು ಅಷ್ಟು ಧಾರಾಳ ಸಾಕು. ಡೇಟಾ ಹಿಡಿಯುವ ಡಯೋಡಿನ ಕರೆಂಟನ್ನೇ ಅಳೆಯಬೇಕಿದ್ದರೆ ಆನೋಡ್ (ಡೇಟಾ ಹೊರಡುವ ಕಾಲು) ಮುಟ್ಟಬೇಡಿ, ಕ್ಯಾಥೋಡ್ (ಇನ್ನೊಂದು ಕಾಲು) ಕಡೆ ಕರೆಂಟ್ ಮಿರರ್, ಅಂದರೆ ಅಷ್ಟೇ ಕರೆಂಟನ್ನು ಪಕ್ಕದಲ್ಲಿ ನಕಲು ಮಾಡುವ ಸರ್ಕ್ಯೂಟ್, ಹಾಕಿ.

ಈಗಾಗಲೇ ಬೋರ್ಡ್ ಮಾಡಿದ್ದರೆ, ಡಯೋಡಿಗೆ ಮುಚ್ಚಳ ಹಾಕಿ ಮೇಲೆ ಒಮ್ಮೆ ಊದಿ. ಮೀಟರ್ ಕದಲಿತಾ ಅಂತ ಕಾಮೆಂಟಿನಲ್ಲಿ ಹೇಳಿ, ಆಮೇಲೆ ಆಪ್‌ಆಂಪ್ ಮಾತಾಡೋಣ.