ಮೂರು ಮೂಲೆ ಹರಿದು ನೋಡಿ

ಪ್ರಶ್ನೆ: ಏಳನೇ ತರಗತಿಯ ಮಗಳು ತ್ರಿಭುಜದ ಮೂರೂ ಕೋನ ಅಳೆದು ಕೂಡಿದರೆ 178 ಡಿಗ್ರಿ ಬಂತು. 180 ಬರಬೇಕಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅವಳನ್ನು ಬೈಯಬೇಡಿ ತಾಯಿ. ಪೆನ್ಸಿಲ್ ಗೆರೆಗೂ ದಪ್ಪ ಇದೆ. ಕೋನಮಾಪಕದಲ್ಲಿ ಅರ್ಧ, ಒಂದು ಡಿಗ್ರಿ ಆಚೀಚೆ ಆಗುವುದು ಸಹಜ. 30 ವರ್ಷ ಗಣಿತ ಕಲಿಸಿದ ನಾನು ಮೊದಲು ಮಾಡಿಸುತ್ತಿದ್ದದ್ದು ಇದು: ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ದೊಡ್ಡ ತ್ರಿಭುಜ ಕತ್ತರಿಸಿ, ಮೂಲೆಗಳಿಗೆ ಬಣ್ಣ ಹಚ್ಚಿ, ಮೂರನ್ನೂ ಹರಿದು, ತುದಿಗೆ ತುದಿ ತಾಗಿಸಿ ಜೋಡಿಸುವುದು. ಕೆಳಗೆ ನೆಟ್ಟಗೆ ಒಂದು ಗೆರೆ! ಅದೇ ಸರಳ ಕೋನ, 180.

ಆದರೆ ಇದು ಕಣ್ಣಿಗೆ ಕಂಡದ್ದು, ಗಣಿತದ ಸಾಧನೆ (ರುಜುವಾತು) ಅಲ್ಲ. ಮೇಲಿನ ಶೃಂಗದ (ಮೂಲೆಯ) ಮೂಲಕ ಪಾದಕ್ಕೆ, ಅಂದರೆ ಕೆಳಗಿನ ಬಾಹುವಿಗೆ, ಸಮಾಂತರವಾಗಿ ರೇಖೆ ಎಳೆಯಲು ಹೇಳಿ. ಪಾದದ ಕೋನಗಳೆರಡೂ ಪರ್ಯಾಯ ಕೋನಗಳಾಗಿ (ಎರಡು ಸಮಾಂತರ ರೇಖೆಗಳ ನಡುವೆ, ಅವನ್ನು ದಾಟುವ ಗೆರೆಯ ಎರಡು ಬದಿಗೆ ಬರುವ ಸಮ ಕೋನಗಳು) ಮೇಲೆ ಬಂದು ಶೃಂಗಕೋನದ ಅಕ್ಕಪಕ್ಕ ಕೂರುತ್ತವೆ; ಮೂರೂ ಸೇರಿ ಆ ರೇಖೆಯ ಮೇಲೆ ಸರಳ ಕೋನ. ಅಳತೆಯೇ ಬೇಡ, ಸಮತಲದ ಮೇಲಿನ ಎಂಥ ತ್ರಿಭುಜಕ್ಕೂ ಇದು ಸರಿ.